ನಡುಗದ ದನಿ

ಹಣೆಗೆ ತಗುಲಿದ ಬಂದೂಕಿನ ನಳಿಗೆ ಇನ್ನೂ ಬಿಸಿಯಾಗಿತ್ತು. ಸ್ವಲ್ಪ ಹೊತ್ತಿನ ಹಿಂದೆಯಷ್ಟೇ ಯಾರ ಮೇಲೋ ಗುಂಡು ಹಾರಿರಬೇಕು ಎಂದು ವೃಷಭೇಂದ್ರನಿಗೆ ಹೊಳೆಯಿತು; ಮುಂದಿನದು ತನಗೇ ಎನ್ನಿಸಿತು. ಆದರೆ ಬಾಯಿಂದ ಹೊರಟ ದನಿ ಬೇರೆ ಯಾರದೋ ಎಂಬಷ್ಟು ನಯವಾಗಿತ್ತು. “ನಾನು ಭಾರತದ ರಾಯಭಾರ ಕಚೇರಿಯ ದ್ವಿತೀಯ ಕಾರ್ಯದರ್ಶಿ. ನಿಮ್ಮ ಕಮಾಂಡರರ ಒಪ್ಪಿಗೆ ಪತ್ರ ಇಲ್ಲಿದೆ,” ಎಂದು ಅಲ್ಲಿಯ ಭಾಷೆಯಲ್ಲಿ ಹೇಳಿದ. ಕೈ ಅಲುಗಲಿಲ್ಲ, ಹಣೆ ಬೆವರಲಿಲ್ಲ. ಇಷ್ಟು ನೆಮ್ಮದಿಯಿಂದಿರುವವನ ಬೆನ್ನಿಗೆ ದೊಡ್ಡವರು ಯಾರೋ ಇರಬೇಕೆಂದು ಬಂದೂಕಿನವನು ದಾರಿ ಬಿಟ್ಟ. ವೃಷಭೇಂದ್ರ ತಂದಿದ್ದ ಖಾಲಿ ಬಸ್ಸು ಗುಡ್ಡ ಹತ್ತತೊಡಗಿತು.

ಇದು ಅವನ ಕತ್ತಿನ ಹಿಂಬದಿಗೆ ಅಂಟಿಸಿದ್ದ, ಬೆರಳುದ್ದದ ಸ್ಥೈರ್ಯಪಟ್ಟಿಯ ಮಹಿಮೆ. ಅಪಾಯದ ನಾಡುಗಳಲ್ಲಿ ದುಡಿಯುವ ರಾಜತಾಂತ್ರಿಕರಿಗಾಗಿ ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಡಾಕ್ಟರ್ ಪಂಕಜಾಕ್ಷಿ ಅದನ್ನು ರೂಪಿಸಿದ್ದರು. ಮಿದುಳಿನಿಂದ ಮುಖ, ಗಂಟಲು, ಕೈಕಾಲುಗಳಿಗೆ ಹರಿಯುವ ಭಯದ ಸಂಕೇತಗಳನ್ನು ಸೂಕ್ಷ್ಮ ವಿದ್ಯುತ್ ಮಿಡಿತಗಳಿಂದ ತಡೆಯುವುದಷ್ಟೇ ಅದರ ಕೆಲಸ; ಭಯವನ್ನು ಅದು ಮುಟ್ಟುತ್ತಿರಲಿಲ್ಲ. “ಒಳಗಡೆ ಎಷ್ಟು ಬೇಕಾದ್ರೂ ಹೆದರ್ಕೊಳ್ಳಿ, ಅದು ನಿಮ್ಮ ಸ್ವಂತ ವಿಷಯ,” ಎಂದು ತರಬೇತಿಯಲ್ಲಿ ಅವರು ಹೇಳಿದ್ದರು. ಅಂಟಿಸಿದ ಮೇಲೆ ಹನ್ನೆರಡು ಗಂಟೆ ಕೀಳುವಂತಿಲ್ಲ. ಕಿತ್ತರೆ ಇಡೀ ದಿನ ನಾಲಿಗೆ ಹೊರಳುವುದಿಲ್ಲ. ಹೊರಹೋಗುವ ದಾರಿಗಳೆಲ್ಲ ಮುಚ್ಚಿದ್ದರಿಂದ ವೃಷಭೇಂದ್ರನ ಭಯ ಬೆಳಗಿನಿಂದ ಒಳಗೇ ಸುತ್ತು ಹೊಡೆಯುತ್ತಿತ್ತು.

ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಹದಿನೆಂಟು ಕನ್ನಡದ ನರ್ಸುಗಳಿದ್ದರು. ರೋಗಿಗಳನ್ನು ಹಿಂದಿನ ದಿನವೇ ಬೇರೆಡೆಗೆ ಸಾಗಿಸಿಯಾಗಿತ್ತು. ಕದನವಿರಾಮ ಮಧ್ಯಾಹ್ನ ಎರಡರವರೆಗೆ. ಆಮೇಲೆ ಮೊದಲ ಶೆಲ್ಲುಗಳು ಬೀಳುವುದು ಇದೇ ಗುಡ್ಡದ ಮೇಲೆ ಎಂಬ ಗುಟ್ಟಿನ ಸುದ್ದಿ ರಾಯಭಾರ ಕಚೇರಿಗೆ ಬಂದಿತ್ತು. ಅದನ್ನು ಯಾರಿಗೂ, ಬಸ್ಸಿನ ಚಾಲಕನಿಗೂ, ಹೇಳುವಂತಿರಲಿಲ್ಲ. ಗಡಿಯ ಸೇತುವೆಗೆ ಮುಕ್ಕಾಲು ಗಂಟೆಯ ದಾರಿ. ಈಗ ಹನ್ನೆರಡೂ ಮುಕ್ಕಾಲು.

“ಹತ್ತು ನಿಮಿಷದಲ್ಲಿ ಹೊರಡಬೇಕು. ಇಲ್ಲೇ ಇದ್ದರೆ ಯಾರೂ ಉಳಿಯುವುದಿಲ್ಲ,” ಎಂದ ವೃಷಭೇಂದ್ರ, ಹವಾಮಾನ ವರದಿ ಓದುವವರ ದನಿಯಲ್ಲಿ.

ಹಿರಿಯ ನರ್ಸ್ ಐರಿನ್ ಲೋಬೋ ಮಂಗಳೂರಿನವರು. ಮೂವತ್ತು ವರ್ಷ ವಾರ್ಡುಗಳಲ್ಲಿ ಕಳೆದವರು. “ಎಂತ ಸರ್, ನಿಮ್ಮ ಆಫೀಸಿಂದ ತಿಂಗಳಿಗೆ ನಾಲ್ಕು ಸಲ ‘ತಕ್ಷಣ ಹೊರಡಿ’ ಅಂತ ಮೆಸೇಜ್ ಬರ್ತದೆ. ಹೋದ ಸಲ ಓಡಿ ಹೋಗಿ ಗಡಿಯಲ್ಲಿ ಮೂರು ದಿನ ಬಿಸಿಲಿಗೆ ಕೂತು ವಾಪಸ್ ಬಂದದ್ದು ನಾವು. ಎಂತದೂ ಆಗ್ಲಿಲ್ಲ ಮಾರಾಯ್ರೆ.”

“ಈ ಸಲ ಹಾಗಲ್ಲ ಸಿಸ್ಟರ್. ನನಗೇ ಜೀವ ಬಾಯಿಗೆ ಬಂದಿದೆ.”

“ಜೀವ ಬಾಯಿಗಿ ಬಂದೋರ ಮಾರಿ ಹಿಂಗ ಇರ್ತದೇನ್ರಿ ಸರ?” ಎಂದಳು ಕಲಬುರಗಿಯ ಮಹಾನಂದಾ. “ಬೀಗರ ಮನಿ ಊಟಕ್ಕ ಬಂದಂಗ ಕಾಣ್ತೀರಿ!”

ಎಲ್ಲರೂ ನಕ್ಕರು. ಅವನು ಪಟ್ಟಿಯ ವಿಷಯ ವಿವರಿಸಿದ. ಐರಿನ್ ಅವನ ಕತ್ತು ಬಗ್ಗಿಸಿ ನೋಡಿ, “ಇದು ನೋವಿನ ಪ್ಲಾಸ್ಟರ್ ಅಲ್ವಾ? ತಲೆದಿಂಬು ಸಣ್ಣದು ಇಡಿ,” ಎಂದರು. ಸರ್ಕಾರದ ಸೂಚನೆಯನ್ನು ಯಾರು ಓದುತ್ತಾರೆ? ಅದನ್ನು ತಂದವನ ಮುಖವನ್ನು ಓದುತ್ತಾರೆ. ಆ ಮುಖದಲ್ಲಿ ಹೆದರಬೇಕಾದ್ದು ಏನೂ ಇರಲಿಲ್ಲ.

ಗಡಿಯಾರದಲ್ಲಿ ಒಂದು ದಾಟಿತು. ವೃಷಭೇಂದ್ರ ಅಂಗಳಕ್ಕೆ ಓಡಿ ಉಪಗ್ರಹ ಫೋನಿನಲ್ಲಿ ಮೈಸೂರಿಗೆ ಕರೆ ಮಾಡಿದ.

“ಮೇಡಂ, ಈ ಪಟ್ಟಿಯನ್ನು ಅಲ್ಲಿಂದ ಈಗಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಇಪ್ಪತ್ತು ಜನ ಸಾಯುತ್ತೇವೆ.”

“ಅಬ್ಬಾ, ದನಿ ಎಷ್ಟು ಚೆನ್ನಾಗಿ ಬರ್ತಿದೆ ರೀ!” ಪಂಕಜಾಕ್ಷಿಯವರು ಹಿಗ್ಗಿದರು. “ಒಂಚೂರೂ ನಡುಕ ಇಲ್ಲ.”

“ತಮಾಷೆಯಲ್ಲ ಮೇಡಂ. ಕಾಪಾಡಿ.”

“ನೋಡಿ, ನಾನು ಮೀಟಿಂಗ್‌ನಲ್ಲಿದೀನಿ. ಅಂಥ ಅರ್ಜೆಂಟ್ ಏನೂ ಇದ್ದಂಗಿಲ್ಲವಲ್ಲ? ಸಂಜೆ ನಾನೇ ಫೋನ್ ಮಾಡ್ತೀನಿ.”

ಕರೆ ಕಡಿದುಹೋಯಿತು. ಆ ಪಟ್ಟಿ ಸುಳ್ಳು ಹೇಳುತ್ತದೆಂದು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ. ವೃಷಭೇಂದ್ರ ಕಿರುಚಲು ಬಾಯಿ ತೆರೆದ. ಸಭೆಯಲ್ಲಿ ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವಂಥ ಸಣ್ಣ ಕೆಮ್ಮು ಬಂತು. ಬದುಕಿರುವಾಗಲೇ ತನ್ನನ್ನು ಯಾರೋ ಒಳಗೆ ಹೂತು, ಮೇಲೆ ಇನ್ನೊಬ್ಬನನ್ನು ಕೂರಿಸಿದ್ದಾರೆ ಎನ್ನಿಸಿತು.

ಒಳಗೆ ಬಂದವನನ್ನು ಕಂಡು ಐರಿನ್, “ಫೋನ್ ಆಯ್ತಲ್ಲ? ಬನ್ನಿ, ಚಾ ಕುಡಿದು ಹೋಗಿ,” ಎಂದು ಕೈ ಹಿಡಿದು ಎಳೆದರು. ಎರಡು ಹೆಜ್ಜೆ ಹೋದವರು ನಿಂತರು. ಮೂವತ್ತು ವರ್ಷದ ರೂಢಿಯ ಬೆರಳುಗಳು ತಾವಾಗಿಯೇ ಅವನ ಮಣಿಕಟ್ಟಿಗೆ ಸರಿದಿದ್ದವು. ನಗು ಆರಿತು. ಎದೆಗೆ ಸಿಕ್ಕಿಸಿದ್ದ ವಾಚನ್ನು ಎತ್ತಿ ಅರ್ಧ ನಿಮಿಷ ತುಟಿಯಾಡಿಸಿದರು.

“ನೂರ ನಲವತ್ತೆರಡು,” ಎಂದರು. ಅವನ ಶಾಂತ ಮುಖವನ್ನು ಮೊದಲ ಬಾರಿಗೆ ನೋಡುವವರಂತೆ ನೋಡಿದರು. “ದೇವರೇ! ಈ ಹುಡುಗನಿಗೆ ಎಷ್ಟು ಹೆದರಿಕೆ ಆಗಿದೆ! ಮಕ್ಕಳೇ, ಬ್ಯಾಗ್ ಬಿಡಿ. ಪಾಸ್‌ಪೋರ್ಟ್ ತೆಗೊಂಡು ಬಸ್ಸು ಹತ್ತಿ!”

ಪಟ್ಟಿ ರೂಪಿಸುವಾಗ ಪಂಕಜಾಕ್ಷಿಯವರು ಗುಂಡಿಗೆಯ ತಂಟೆಗೆ ಹೋಗಿರಲಿಲ್ಲ. ಹೆದರಿದ ಗುಂಡಿಗೆಯನ್ನು ತಡೆದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ.

ಒಂದೂ ಕಾಲಿಗೆ ಬಸ್ಸು ಹೊರಟಿತು. ಈಗ ಯಾರೂ ವೃಷಭೇಂದ್ರನ ಮುಖ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಐರಿನ್ ಅವನ ಮಣಿಕಟ್ಟು ಬಿಟ್ಟಿರಲಿಲ್ಲ. ಪ್ರತಿ ತಿರುವಿನಲ್ಲೂ ಹಿಂದಿನಿಂದ ಮಹಾನಂದಾ, “ಎಷ್ಟದ ಅಕ್ಕ?” ಎಂದು ಕೇಳುವಳು. “ನೂರ ಮೂವತ್ತು,” ಎಂದರೆ ಎಲ್ಲರೂ ಕಿಟಕಿಯಿಂದ ಸರಿದು ಕೂರುವರು. ಬರುವಾಗ ತಡೆದಿದ್ದ ಬಂದೂಕಿನವರ ಠಾಣೆಯಲ್ಲಿ ನೂರ ಐವತ್ತಾದಾಗ ಹದಿನೆಂಟು ಮಂದಿಯೂ ಸೀಟಿನ ಕೆಳಗೆ ತಲೆ ತಗ್ಗಿಸಿದರು. ಅವನೊಬ್ಬ ಕಿಟಕಿಯಿಂದ ನಗುತ್ತಾ ನಮಸ್ಕರಿಸಿದ. ಠಾಣೆ ದಾಟಿದ ಮೇಲೆ ನೂರ ಹತ್ತು. ಯಾರೋ ಜಪಸರ ಹೊರತೆಗೆದರು.

ಬಸ್ಸಿನ ಮುಂದಿನ ಗಾಲಿಗಳು ಸೇತುವೆಯ ಆಚೆ ದಡ ಮುಟ್ಟುವಾಗ ಹಿಂದೆ ಭೂಮಿಯೇ ಗುದ್ದಿದಂಥ ಸದ್ದು. ಕಿಟಕಿಗಳು ನಡುಗಿದವು. ದೂರದ ಗುಡ್ಡದ ಮೇಲೆ, ಆಸ್ಪತ್ರೆಯಿದ್ದಲ್ಲಿ, ಕಂದುಬಣ್ಣದ ಹೊಗೆ ಮೆಲ್ಲನೆ ಬಿಚ್ಚಿಕೊಂಡಿತು.

“ಎಷ್ಟದ ಅಕ್ಕ?” ಮಹಾನಂದಾಳ ದನಿ ಕೇಳಿಸಿಯೂ ಕೇಳಿಸದಂತಿತ್ತು.

ಐರಿನ್ ಬೆರಳುಗಳನ್ನು ಒತ್ತಿ ಹಿಡಿದರು, ವಾಚು ನೋಡಿದರು, ಮತ್ತೆ ಮೊದಲಿನಿಂದ ಎಣಿಸಿದರು.

“ಗೊತ್ತಾಗುದಿಲ್ಲ ಮಾರಾಯ್ತಿ,” ಎಂದರು. “ನನ್ನದೇ ಇಷ್ಟು ಜೋರು ಹೊಡ್ಕೊಳ್ತಾ ಉಂಟು. ಇವರದ್ದು ಯಾವುದು, ನನ್ನದು ಯಾವುದು ಅಂತ ತಿಳೀತಾ ಇಲ್ಲ.”