ನಡುಗದ ಮುಳ್ಳು

ನವಲಗುಂದದ ರಸ್ತೆಯಲ್ಲಿ ಮಧ್ಯಾಹ್ನ ಎರಡೂವರೆಗೆ ಶಿವಪುತ್ರ ಪತ್ತಾರನಿಗೆ ಕಣ್ಣು ಎಳೆಯತೊಡಗಿತು. ಹೊಟ್ಟೆ ತುಂಬ ರೊಟ್ಟಿ, ಬದನೆಕಾಯಿ ಪಲ್ಯ. ಎದುರಿಗೆ ಗೆರೆ ಎಳೆದಂಥ ದಾರಿ. ಎರಡೂ ಕಡೆ ಕಪ್ಪು ಹೊಲ. ನಿದ್ದೆ ಬಾರದೆ ಇನ್ನೇನು ಬಂದೀತು? ಅವನ ಮೋಟರ್‌ಸೈಕಲ್ಲಿನ ಮುಂದೆ ನಾಲ್ಕು ದುಂಡು ಮಾಪಕಗಳಿದ್ದವು. ವೇಗಕ್ಕೊಂದು, ಬ್ಯಾಟರಿಗೊಂದು, ಮೋಟರಿನ ಬಿಸಿಗೊಂದು. ನಾಲ್ಕನೆಯದರ ಮುಳ್ಳು ಹಸಿರು ಬಿಟ್ಟು ಕೆಂಪಿನ ಕಡೆ ಇಳಿಯಿತು. ಹ್ಯಾಂಡಲ್ಲಿನ ರಬ್ಬರು ಅಂಗೈಗೆ ಚುರುಕ್ಕೆಂದು ತಿವಿಯಿತು, ಗಾಡಿ ತಾನಾಗಿಯೇ ವೇಗ ಇಳಿಸಿತು. ಶಿವಪುತ್ರ ಬೆಚ್ಚಿ ಕಣ್ಣು ಬಿಟ್ಟ. ಹತ್ತಡಿ ಮುಂದೆ ಕಡಲೆ ಹೊಟ್ಟು ತುಂಬಿದ ಟ್ರ್ಯಾಕ್ಟರು ದಾರಿಗೆ ಅಡ್ಡ ನಿಂತಿತ್ತು.

“ಭಲೇ ಶಾಣ್ಯಾ ಇದ್ದೀಪಾ ನೀ,” ಎಂದು ಅವನು ಮಾಪಕದ ಗಾಜನ್ನು ತಟ್ಟಿದ. ಹಿಂದಿನ ಪೆಟ್ಟಿಗೆಯಲ್ಲಿ ಹಳ್ಳಿ ದವಾಖಾನೆಗಳ ರಕ್ತದ ಮಾದರಿಗಳಿದ್ದವು. ಅವನ್ನು ಹುಬ್ಬಳ್ಳಿಯ ಪ್ರಯೋಗಾಲಯಕ್ಕೆ ತಲುಪಿಸುವುದು ಅವನ ಮೂವತ್ತೈದು ವರ್ಷದ ಕೆಲಸ. ಆ ನಾಲ್ಕನೆಯ ಮುಳ್ಳನ್ನು ಕಂಡುಹಿಡಿದವಳು ಅವನ ಹೆಂಡತಿ ಇಂದುಮತಿ. ೨೦೫೮ರ ಹೊತ್ತಿಗೆ ಉತ್ತರ ಕರ್ನಾಟಕದ ದಾರಿಗಳಲ್ಲಿ ಅಂಥ ನಲವತ್ತು ಸಾವಿರ ಮುಳ್ಳುಗಳು ಓಡಾಡುತ್ತಿದ್ದವು.

ಇದರ ಹುಟ್ಟಿಗೆ ಕಾರಣ ಒಂದು ಕತ್ತಲೆ. ಹಿಂದೆ ಗಾಡಿಗಳಿಗೆಲ್ಲ ಚಂದದ ಪರದೆಗಳಿದ್ದವು. ವೇಗ, ನಕಾಶೆ, ಹವಾಮಾನ ಎಲ್ಲವೂ ಅಲ್ಲೇ ಕಾಣುತ್ತಿತ್ತು. ಆದರೆ ಆ ಪರದೆಗಳ ಬುದ್ಧಿ ಗಾಡಿಯಲ್ಲಿರಲಿಲ್ಲ, ಎಲ್ಲೋ ದೂರದ ಕಂಪ್ಯೂಟರುಗಳಲ್ಲಿತ್ತು. ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಕಂಪ್ಯೂಟರುಗಳೂ ನಿಂತವು, ಪರದೆಗಳೂ ಕುರುಡಾದವು. ಗಾಡಿ ಓಡುತ್ತದೆ, ಎಷ್ಟು ಓಡುತ್ತದೆಂದು ಓಡಿಸುವವನಿಗೇ ಗೊತ್ತಿಲ್ಲ! ಆಗ ಹುಬ್ಬಳ್ಳಿಯ ಹಳೇ ಗಿರಣಿಯ ಹಿಂದಿನ ಓಣಿಯಲ್ಲಿ ಮನೆಮನೆಯಲ್ಲೂ ಮಾಪಕ ಕಟ್ಟತೊಡಗಿದರು. ಪತ್ತಾರರ ಮನೆಯಲ್ಲಿ ತಲೆಮಾರಿನಿಂದ ಬಂಗಾರದ ಕುಸುರಿ ಮಾಡಿದ ಚಿಮಟ, ಬೆಸುಗೆ ಕಡ್ಡಿಗಳು ಈಗ ಕೂದಲೆಳೆಯಂಥ ತಂತಿಗಳಿಗೆ ಒದಗಿದವು.

ಇಂದುಮತಿಯ ಹೆಚ್ಚುಗಾರಿಕೆ ಹ್ಯಾಂಡಲ್ಲಿನ ರಬ್ಬರಿನ ಕೆಳಗೆ ಅವಳು ಸುತ್ತಿದ ಒಂದು ಹಾಳೆಯಲ್ಲಿತ್ತು. ಒತ್ತಿದರೆ ಅತಿ ಸಣ್ಣ ವಿದ್ಯುತ್ತು ಹುಟ್ಟಿಸುವ ಹಾಳೆ ಅದು. ನಿದ್ದೆ ಬರುವ ಮನುಷ್ಯನ ಹಿಡಿತ ಕಣ್ಣು ಮುಚ್ಚುವುದಕ್ಕೆ ನಾಲ್ಕು ಸೆಕೆಂಡು ಮೊದಲೇ ಸಡಿಲವಾಗುತ್ತದೆ. ಆ ಸಡಿಲವನ್ನು ಹಾಳೆ ಹಿಡಿಯುತ್ತದೆ, ಮುಳ್ಳು ತೋರಿಸುತ್ತದೆ. ಜನ ಅದಕ್ಕೆ ಎಚ್ಚರದ ಮುಳ್ಳು ಎಂದು ಹೆಸರಿಟ್ಟರು. ಗಂಡ ಒಮ್ಮೆ ನಿದ್ದೆಗಣ್ಣಲ್ಲಿ ಕಾಲುವೆಗೆ ಬಿದ್ದು ಕಾಲು ಮುರಿದುಕೊಂಡಿದ್ದ. ಇನ್ನೊಮ್ಮೆ ಬೀಳಬಾರದು ಅನ್ನುವುದಷ್ಟೇ ಅವಳ ಆಸೆಯಾಗಿತ್ತು.

೨೦೫೮ರ ಮಾರ್ಚಿನಲ್ಲಿ ಅವಳ ಅಂಗಡಿಯ ಮುಂದೆ ಒಬ್ಬ ಡಾಕ್ಟರು ಗಾಡಿ ನಿಲ್ಲಿಸಿದರು. ಹೆಸರು ಅರ್ಷಿಯಾ ಮನಿಯಾರ, ನರರೋಗದ ತಜ್ಞೆ. ಬಂದವರೇ ಕೂರಲೂ ಇಲ್ಲ.

“ಅಕ್ಕಾರ, ನಿಮ್ಮ ಮುಳ್ಳು ಸುಳ್ಳು ಹೇಳ್ತೈತ್ರಿ.”

ಇಂದುಮತಿಗೆ ಮೈಯೆಲ್ಲ ಉರಿಯಿತು. “ಹನ್ನೊಂದು ವರ್ಷ ಆತ್ರಿ ಮಾಡಾಕತ್ತು. ಇಂಥಾ ಮಾತು ಯಾರೂ ಅಂದಿಲ್ಲ.”

“ಸಿಟ್ಟಾಗಬ್ಯಾಡ್ರಿ, ಕೇಳ್ರಿ. ನನ್ನ ಕಡೆ ಒಬ್ಬ ಪೇಶಂಟ್ ಅದಾನ. ಕೈನಡುಕದ ಬ್ಯಾನಿ. ಕಪ್ಪಿನ್ಯಾಗಿನ ಛಾ ಬಾಯಿಗೆ ಹೋಗೂದ್ರಾಗ ಅರ್ಧ ಚೆಲ್ಲತೈತಿ. ಅವನ ಗಾಡಿಗೆ ನಿಮ್ಮ ಮುಳ್ಳೈತಿ. ನಾ ಕಣ್ಣಾರೆ ನೋಡೇನಿ, ಕಲ್ಲಿನಂಗ ನಿಂತೈತಿ. ಹಿಡಿತ ಅಳೆಯೂ ಮುಳ್ಳು ಆ ನಡುಕ ಯಾಕ ತೋರ್ಸೂದಿಲ್ಲ?”

ಇಂದುಮತಿಗೆ ನಗು ಬಂತು. ಇಷ್ಟೇನಾ! ಅವಳು ಸ್ಟೂಲು ಎಳೆದು ಡಾಕ್ಟರನ್ನು ಕೂರಿಸಿ ವಿವರಿಸಿದಳು. ಮಾಪಕ ಕಟ್ಟುವವರ ಮೊದಲ ಪಾಠವೇ ಮುಳ್ಳು ನಡುಗಬಾರದು ಅನ್ನುವುದು. ನಡುಗುವ ಮುಳ್ಳನ್ನು ಗಿರಾಕಿ ನಂಬುವುದಿಲ್ಲ, ಮರುದಿನವೇ ವಾಪಸು ತರುತ್ತಾನೆ. ಅದಕ್ಕೇ ಹಾಳೆಗೂ ಮುಳ್ಳಿಗೂ ನಡುವೆ ಒಂದು ಜರಡಿ ಕೂರಿಸುತ್ತಾರೆ. ಕಾಳು ಸೋಸುವ ಜರಡಿಯಲ್ಲ, ಕುಲುಕು ಸೋಸುವ ವಿದ್ಯುತ್ತಿನ ಜರಡಿ. ಗಾಲಿಯ ಕುಲುಕು ಸೆಕೆಂಡಿಗೆ ಹನ್ನೆರಡು ಸಲ, ಮೋಟರಿನದ್ದು ನೂರಾರು ಸಲ. ಆಯಾ ಲೆಕ್ಕದ ಕುಲುಕನ್ನು ಜರಡಿ ತಡೆಯುತ್ತದೆ, ಉಳಿದದ್ದನ್ನು ಮುಳ್ಳಿಗೆ ಬಿಡುತ್ತದೆ.

“ಸೆಕೆಂಡಿಗೆ ಐದು ಸಲದ್ದು?” ಎಂದು ಡಾಕ್ಟರು ಕೇಳಿದರು.

“ಅದನ್ನೂ ತಡೀತೀವ್ರಿ. ಅದು ಮುಂದಿನ ಶಾಕಪ್ಪಿನ ಸ್ಪ್ರಿಂಗಿಂದು.”

“ಸ್ಪ್ರಿಂಗಿಂದೇ ಅಂತ ಹೆಂಗ ಗೊತ್ತಾತು?”

ಇಂದುಮತಿ ಕಪಾಟಿನಿಂದ ತನ್ನ ರಿಪೇರಿ ಪುಸ್ತಕ ತೆಗೆದಳು. ಒಂದನೆಯ ನಂಬರಿನ ಗಾಡಿಯೇ ಅವಳ ಮಾದರಿ. ಅದರ ಮೇಲೆ ಹದ ನೋಡಿ, ಅದೇ ಹದವನ್ನು ಉಳಿದ ಮಾಪಕಗಳಿಗೆಲ್ಲ ಇಳಿಸುವುದು ಅವಳ ಪದ್ಧತಿ. ಓಣಿಯ ಉಳಿದ ಅಂಗಡಿಯವರೂ ಅದನ್ನೇ ನಕಲು ಮಾಡಿದ್ದರು. ಪುಸ್ತಕದಲ್ಲಿ ಬರೆದಿತ್ತು: ‘೨೦೫೦, ಮುಳ್ಳು ಸಣ್ಣಗೆ ನಡುಕ, ಸೆಕೆಂಡಿಗೆ ಐದು, ಜರಡಿ ಹಾಕಿದೆ. ೨೦೫೨, ಮತ್ತೆ ನಡುಕ, ಜರಡಿ ಬಿಗಿ ಮಾಡಿದೆ. ೨೦೫೪, ಸ್ಪ್ರಿಂಗು ಬದಲಿಸಿದರೂ ನಡುಕ, ಇನ್ನಷ್ಟು ಬಿಗಿ. ೨೦೫೭, ನಡುಕ ಜೋರು, ಜರಡಿ ಎರಡು ಪಟ್ಟು.’

ಡಾಕ್ಟರು ಆ ನಾಲ್ಕು ಸಾಲುಗಳನ್ನು ಮತ್ತೆ ಮತ್ತೆ ಓದಿದರು. ಅವರ ದನಿ ತಗ್ಗಿತು.

“ಸ್ಪ್ರಿಂಗ್ ಬದಲಿ ಮಾಡಿದ ಮ್ಯಾಲೂ ನಡುಕ ಇತ್ತಲ್ರಿ ಅಕ್ಕಾರ. ಈ ಬ್ಯಾನಿಯವರ ಕೈ ನಡುಗೂದೂ ಸೆಕೆಂಡಿಗೆ ಐದ ಸಲ. ಈ ಒಂದನೇ ನಂಬರ್ ಗಾಡಿ ಯಾರದು?”

ಅದು ಶಿವಪುತ್ರನ ಗಾಡಿ. ಅವಳ ಕಣ್ಣ ಮುಂದೆ ಎರಡೂ ಕೈಯಲ್ಲಿ ಕಪ್ಪು ಹಿಡಿದು ಛಾ ಕುಡಿಯುವ ಗಂಡ ಬಂದು ಕೂತಿದ್ದ. ಥಂಡಿಗೆ ಹಾಗೆ ಹಿಡಿಯುತ್ತಾನೆ ಎಂದುಕೊಂಡಿದ್ದಳು. ಬೇಸಿಗೆಯಲ್ಲೂ ಹಾಗೇ ಹಿಡಿಯುತ್ತಿದ್ದನಲ್ಲ ಅಂತ ಈಗ ಹೊಳೆಯಿತು.

“ಔಷಧ ಐತಲ್ರಿ?” ಎಂದಳು ಇಂದುಮತಿ.

“ಐತ್ರಿ. ಬ್ಯಾನಿ ಶುರುವಾದ ಮೂರು ವರ್ಷದೊಳಗ ಕೊಟ್ರ ಅಲ್ಲೇ ನಿಲ್ಲತೈತಿ. ಆದ್ರ ಅಷ್ಟ ಲಗೂನ ಯಾರೂ ನಮ್ಮ ಕಡೆ ಬರೂದಿಲ್ಲ. ನಡುಕ ಕಣ್ಣಿಗೆ ಕಾಣೂದ್ರಾಗ ಐದಾರು ವರ್ಷ ಆಗಿರತೈತಿ.” ಡಾಕ್ಟರು ಪುಸ್ತಕದ ಮೊದಲ ಸಾಲಿನ ಮೇಲೆ ಬೆರಳಿಟ್ಟರು. “ಇದು ಎಂಟು ವರ್ಷದ ಹಿಂದಿಂದು. ಇಷ್ಟ ಮೊದಲ ಹಿಡಿಯೂ ಯಂತ್ರ ಜಗತ್ತಿನ್ಯಾಗ ಇಲ್ರಿ. ನೀವು ಮಾಡಿದ್ರಿ, ನೀವ ಬಾಯಿ ಕಟ್ಟಿದ್ರಿ.”

ಆ ಮಾತು ಆಡಬಾರದಿತ್ತು ಎಂದು ಡಾಕ್ಟರಿಗೇ ಅನ್ನಿಸಿ, ಅವರು ಇಂದುಮತಿಯ ಕೈ ಹಿಡಿದುಕೊಂಡರು. ಶಿವಪುತ್ರನ ತಪಾಸಣೆಗಳು ಆದವು. ಡಾಕ್ಟರು ಪುಸ್ತಕ ನೋಡಿ ಹೇಳಿದ್ದೇ ನಿಜವಾಯಿತು. ಔಷಧದ ಗಡುವು ಐದು ವರ್ಷದ ಹಿಂದೆಯೇ ದಾಟಿಹೋಗಿತ್ತು.

ಎರಡು ದಿನ ಅವಳು ಗಂಡನ ಮುಖ ನೋಡಲಾಗದೆ ಬೆಸುಗೆ ಮೇಜು ಬಿಟ್ಟು ಏಳಲಿಲ್ಲ. ಮೂರನೆಯ ದಿನ ಸಂಜೆ ತಡೆಯಲಾಗಲಿಲ್ಲ.

“ಕೈ ನಡುಗೂದು ನಿಮಗ ಗೊತ್ತಿತ್ತೇನ್ರಿ?”

“ಗೊತ್ತಾಗದ ಏನು? ನನ್ನ ಕೈ ಅಲ್ಲೇನ ಅದು?”

“ಮತ್ತ ಯಾಕ ಹೇಳ್ಲಿಲ್ಲ?”

“ಹೇಳೀನಲ್ಲ ಇಂದೂ. ಮುಳ್ಳು ನಡುಗ್ತೈತಿ ಅಂತ ನಾಕ ಸಲ ಹೇಳೀನಿ. ನೀ ಬಿಚ್ಚಿ ಸರಿ ಮಾಡಿ ಕೊಟ್ಟಿ. ಮುಳ್ಳು ನಿಂತಿತು. ಮುಳ್ಳ ನಿಂತ ಮ್ಯಾಲ ಕೈಗೇನೂ ಆಗಿಲ್ಲ, ಎಲ್ಲಾ ನನ್ನ ಭ್ರಮಾ ಅಂದ್ಕೊಂಡೆ.” ಶಿವಪುತ್ರ ನಕ್ಕ. “ನನ್ನ ಕೈಗಿಂತ ನಿನ್ನ ಕೆಲಸದ ಮ್ಯಾಲ ನಂಬಿಗಿ ಜಾಸ್ತಿ ಇತ್ತಲ್ಲ.”

ಅವನು ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅವನ ನಗು ಅವಳನ್ನು ಕೊಂದುಹಾಕಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಶಿವಪುತ್ರ ಅವಳ ಬೆನ್ನ ಮೇಲೆ ಕೈ ಇಟ್ಟ. ಆ ಕೈಯ ನಡುಕ ಸೀರೆಯೊಳಗಿಂದ ಅವಳ ಮೈಗೆ ತಟ್ಟುತ್ತಿತ್ತು. ಎಷ್ಟೋ ಬಾರಿ ಹೀಗೆ ಕೈ ಇಟ್ಟಿದ್ದಾನೆ, ಒಮ್ಮೆಯೂ ಅವಳು ಲೆಕ್ಕ ಹಾಕಿರಲಿಲ್ಲ.

ಮರುದಿನ ಇಂದುಮತಿ ಒಂದನೆಯ ನಂಬರಿನ ಮಾಪಕ ಬಿಚ್ಚಿ ಐದರ ಜರಡಿ ಕಿತ್ತಳು. ಗಾಡಿ ಸ್ಟ್ಯಾಂಡಿನ ಮೇಲಿತ್ತು, ಮೋಟರು ಬಂದ್ ಆಗಿತ್ತು. ಶಿವಪುತ್ರ ಹ್ಯಾಂಡಲ್ ಹಿಡಿದ. ಮುಳ್ಳು ಗಡಗಡ ನಡುಗಿತು. ಅವನು ಅದನ್ನು ಬಹಳ ಹೊತ್ತು ನೋಡಿ, ಗಾಡಿಯಿಂದ ಇಳಿದು, ಕೀಲಿಯನ್ನು ಹೆಂಡತಿಯ ಮೇಜಿನ ಮೇಲಿಟ್ಟ. ಮತ್ತೆ ಅವನು ಗಾಡಿ ಓಡಿಸಲಿಲ್ಲ.

ಆಮೇಲೆ ಅವಳು ಆ ಜರಡಿ ಇಲ್ಲದ ಮಾಪಕಗಳನ್ನಷ್ಟೇ ಮಾಡಿದಳು. ಹಳೆಯವನ್ನು ತಂದರೆ ಬಿಚ್ಚಿ ಸರಿಪಡಿಸಿದಳು. ಮೊದಲ ವರ್ಷದಲ್ಲೇ ಮೂವತ್ತೊಂದು ಜನರ ರೋಗ ಆರಂಭದಲ್ಲೇ ಪತ್ತೆಯಾಯಿತು, ಅವರ ಕೈ ಉಳಿಯಿತು. ದೂರದ ಊರುಗಳಿಂದ ವಿಜ್ಞಾನಿಗಳು ಬಂದು ಹೊಗಳಿ ಹೋದರು. ಇಂದುಮತಿ ಅವರಿಗೆ ಛಾ ಕೊಡುತ್ತಿದ್ದಳು, ಮಾತು ಕಮ್ಮಿ ಆಡುತ್ತಿದ್ದಳು. ಮೂವತ್ತೊಂದು ಕೈಗಳ ಪಟ್ಟಿಯಲ್ಲಿ ತನ್ನ ಮನೆಯ ಕೈ ಇಲ್ಲವಲ್ಲ ಎಂಬ ಸಂಕಟಕ್ಕೆ ಯಾವ ಹೊಗಳಿಕೆಯೂ ಮದ್ದಾಗಲಿಲ್ಲ.

ಮೂವತ್ತೊಂದು ಮಾತ್ರ ಯಾಕೆ, ನಲವತ್ತು ಸಾವಿರ ಮುಳ್ಳುಗಳಿದ್ದವಲ್ಲ ಎಂದು ನೀವು ಕೇಳಬಹುದು. ಕೇಳುವ ಮೊದಲು ನಿಮ್ಮದೇ ಗಾಡಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಉರಿಯುವ ಎಚ್ಚರಿಕೆಯ ದೀಪದ ಮೇಲೆ ಕಪ್ಪು ಟೇಪು ಅಂಟಿಸಿ ಓಡಿಸುವವರು ನಾವೇ ಅಲ್ಲವೇ? ತಪಾಸಣೆಯ ಲಕೋಟೆಯನ್ನು ಹಬ್ಬ ಮುಗಿಯಲಿ ಎಂದು ಒಡೆಯದೆ ಕಪಾಟಿನಲ್ಲಿಡುವವರೂ ನಾವೇ. ಮುಂದಿನ ಕಾಲದ ಜನ ನಮ್ಮ ಮೊಮ್ಮಕ್ಕಳು, ಬೇರೆ ಜಾತಿಯ ಪ್ರಾಣಿಗಳೇನಲ್ಲ.

ಒಂದು ಬೆಳಿಗ್ಗೆ ಕುಂದಗೋಳದ ಒಬ್ಬ ಮಾಸ್ತರ ಗಾಡಿ ತಂದ. ನಲವತ್ತೈದರ ವಯಸ್ಸು, ಇಸ್ತ್ರಿ ಅಂಗಿ, ತುಂಬು ನಗೆ.

“ಅಕ್ಕಾರ, ನೀವು ಹೊಸಾದು ಹಾಕಿ ಕೊಟ್ಟಾಗಿಂದ ಮುಳ್ಳು ಬರೇ ನಡುಗ್ತೈತ್ರಿ. ಮದಲಿನಂಗ ನಿಲ್ಲಿಸಿ ಕೊಡ್ರಿ.”

“ಗಾಡಿ ಸ್ಟ್ಯಾಂಡಿಗೆ ಹಾಕ್ರಿ, ಸರ. ಮೋಟರ್ ಬಂದ್ ಮಾಡ್ರಿ. ಈಗ ಹ್ಯಾಂಡಲ್ ಹಿಡೀರಿ.”

ಮುಳ್ಳು ನಡುಗಿತು. ಸಣ್ಣಗೆ, ಸೆಕೆಂಡಿಗೆ ಐದು ಸಲ. ಇಂದುಮತಿ ಬಗ್ಗಿ ಮಾಪಕವನ್ನು ಹತ್ತಿರದಿಂದ ನೋಡಿದಳು. ಇಷ್ಟು ಸಣ್ಣ ನಡುಕವೆಂದರೆ ಇನ್ನೂ ಮೊದಲ ವರ್ಷವೇ ಇರಬೇಕು!

“ಗಾಡಿ ಸುಮ್ನ ನಿಂತೈತ್ರಿ, ಸರ. ನಡುಗೂದು ಗಾಡಿ ಅಲ್ಲ. ಇವತ್ತ ಡಾಕ್ಟರ್ ಕಡೆ ಹೋಗ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೂ ಟೈಮ್ ಐತಿ.”

ಮಾಸ್ತರ ಕೈ ಹಿಂತೆಗೆದು ಜೇಬಿಗೆ ಹಾಕಿಕೊಂಡ. “ಏನ ಮಾತಾಡ್ತೀರಿ ಅಕ್ಕಾರ! ನನಗೇನ ಧಾಡಿ ಆಗೈತಿ? ಮುಂಜಾನಿಂದ ಛಾ ಕುಡದಿಲ್ಲ, ಅಷ್ಟ. ನಿಮ್ಮ ಕೈಲೆ ಆಗದಿದ್ರ ಬಿಡ್ರಿ.” ಅವನು ಗಾಡಿಯನ್ನು ಎದುರಿನ ಅಂಗಡಿಗೆ ತಳ್ಳಿಕೊಂಡು ಹೋದ. ಆ ಓಣಿಯಲ್ಲಿ ಮುಳ್ಳು ನಿಲ್ಲಿಸಿ ಕೊಡುವ ಅಂಗಡಿಗಳು ಇನ್ನೂ ಹದಿನೇಳು ಇದ್ದವು. ಇಂದುಮತಿ ಹಿಂದೆಯೇ ಹೋಗಿ ಎದುರಿನವನಿಗೂ ಕೈ ಮುಗಿದಳು. “ಗಿರಾಕಿ ಕೇಳಿದ್ದು ಮಾಡಿ ಕೊಡಬೇಕಲ್ರಿ,” ಎಂದ ಅವನು ತಲೆ ಎತ್ತದೆ. ಹತ್ತು ನಿಮಿಷದ ಕೆಲಸ.

ಮಾಸ್ತರ ಹೊರಟಾಗ ಅವಳ ಅಂಗಡಿಯ ಮುಂದೆ ಗಾಡಿ ನಿಧಾನ ಮಾಡಿ, “ನೋಡ್ರಿ ಅಕ್ಕಾರ, ಹೆಂಗ ನಿಂತೈತಿ!” ಎಂದು ತೋರಿಸಿದ. ಮುಳ್ಳು ಹಸಿರಿನ ಮೇಲೆ ಕಲ್ಲಿನಂತೆ ನಿಂತಿತ್ತು.

ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ಶಿವಪುತ್ರ ಎಲ್ಲವನ್ನೂ ನೋಡುತ್ತಿದ್ದ. ಈಚೆಗೆ ಅವನ ಮಾತೂ ತೊದಲುತ್ತಿತ್ತು. ಏನೋ ಕೂಗಲು ಹೋದ, ದನಿ ಏಳಲಿಲ್ಲ. ಕೊನೆಗೆ, ಇದನ್ನಾದರೂ ನೋಡಲಿ ಎಂದು, ತನ್ನ ಬಲಗೈಯನ್ನು ಆದಷ್ಟು ಮೇಲಕ್ಕೆ ಎತ್ತಿ ಹಿಡಿದ. ಕೈ ಗಾಳಿಯಲ್ಲಿ ಗಡಗಡ ನಡುಗಿತು.

ಮುದುಕ ಕೈ ಬೀಸುತ್ತಿದ್ದಾನೆ ಎಂದುಕೊಂಡು ಮಾಸ್ತರನೂ ನಗುತ್ತ ಕೈ ಬೀಸಿ ಹೋದ.