ಚಿಪ್ಸ್ ತಿಂದ ಭಾನುವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕಡ್ಡಿ ನೋಟ್‌ಬುಕ್ಕಿನ ಪುಟವೊಂದನ್ನು ರಬ್ಬರಿನಿಂದ ಉಜ್ಜುತ್ತಲೇ ಇದ್ದಳು. ‘ಚಿಪ್ಸ್’ ಎಂದು ಪೆನ್ಸಿಲಿನಲ್ಲಿ ಬರೆದದ್ದು ಅಳಿಸಿಹೋಯಿತು. ಅದರ ಜೊತೆಗೆ ಕಾಗದವೂ ಹರಿದು ಕಡಲೆಕಾಳಿನಷ್ಟು ತೂತು ಬಿತ್ತು. ಪಕ್ಕದಲ್ಲಿ ಅಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಏನನ್ನೂ ನೋಡಲಿಲ್ಲ.

ಮನೆಯಲ್ಲೂ ಶಾಲೆಯಲ್ಲೂ ಅವಳು ಕಡ್ಡಿಯೇ. ಅಷ್ಟು ತೆಳ್ಳಗೆ. ಓಟದಲ್ಲಿ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಅಮ್ಮನಿಗೆ ಕೀಲುಗಳ ಕಾಯಿಲೆ. ರೋಗಾಣುಗಳ ಜೊತೆ ಜಗಳ ಆಡಬೇಕಾದ ಮೈಯ ಕಾವಲುಗಾರರು ಲೆಕ್ಕ ತಪ್ಪಿ ಸ್ವಂತ ಕೀಲುಗಳ ಮೇಲೇ ಬೀಳುತ್ತಾರಂತೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಅಮ್ಮನದು ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ. ಹಾಳೆ ಜೋಡಿಸಿ, ಹೊಲಿದು, ಗೋಂದು ಹಚ್ಚಿ, ರಟ್ಟು ಅಂಟಿಸಬೇಕು. ಬೆರಳು ಮುಷ್ಕರ ಹೂಡಿದರೆ ಸೂಜಿ ಹಿಡಿಯುವವರು ಯಾರು?

ಹೋದ ತಿಂಗಳು ಆಸ್ಪತ್ರೆಯ ಆಹಾರ ತಜ್ಞೆ, ಕರಿದದ್ದು ಮತ್ತು ಬೆಣ್ಣೆ ಕಡಿಮೆ ಮಾಡಿ, ಮೀನು, ಅಗಸೆ ಬೀಜ ತಿಂದು ನೋಡಿ ಎಂದಿದ್ದರು. ಕೆಲವರಿಗೆ ಇದರಿಂದ ನೋವು ತಗ್ಗುತ್ತದೆ, ಕೆಲವರಿಗೆ ಇಲ್ಲ. ದಿನಾ ಏನು ತಿಂದಿರಿ, ಬೆಳಗ್ಗೆ ಎಷ್ಟು ಹೊತ್ತು ಬೆರಳು ಬಿಗಿದಿತ್ತು ಎಂದು ಬರೆದಿಡಲು ಹೇಳಿದ್ದರು. ಆ ಕೆಲಸ ಕಡ್ಡಿಯ ಪಾಲಿಗೆ ಬಂತು.

ಕಳೆದ ಭಾನುವಾರ ಅವಳು ಓಟದಲ್ಲಿ ಗೆದ್ದಳು. ಆ ಖುಷಿಗೆ ದೊಡ್ಡ ಪ್ಯಾಕೆಟ್ ಚಿಪ್ಸ್ ಬಂತು. ಅಮ್ಮ ಬೇಡ ಬೇಡ ಎಂದರೂ ಕಡ್ಡಿ ಬಿಡಲಿಲ್ಲ. ಇಬ್ಬರೂ ಸೇರಿ ಪ್ಯಾಕೆಟ್ ಖಾಲಿ ಮಾಡಿದರು.

ಸೋಮವಾರ ಅಮ್ಮನ ಬೆರಳುಗಳು ಊದಿಕೊಂಡವು. ಬಾಚಣಿಗೆ ಹಿಡಿಯಲೂ ಆಗಲಿಲ್ಲ. ಮೂರು ದಿನ ಬೈಂಡಿಂಗ್ ಅಂಗಡಿಗೆ ಹೋಗಲಿಲ್ಲ. ಆ ಮೂರೂ ರಾತ್ರಿ ಕಡ್ಡಿಗೆ ನಿದ್ದೆ ಹತ್ತಲಿಲ್ಲ.

ಒಳಗೆ ಕರೆದರು. ಆಹಾರ ತಜ್ಞೆ ನೋಟ್‌ಬುಕ್ಕಿನ ಪುಟ ತಿರುವುತ್ತಾ ಹೋಗಿ, ತೂತು ಕಂಡು ಕೈ ನಿಲ್ಲಿಸಿದರು.

“ಇಲ್ಲೇನಿತ್ತು, ಪುಟ್ಟಿ?”

ಕಡ್ಡಿ ನೆಲ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. “ಚಿಪ್ಸ್. ಅಮ್ಮ ಬೇಡ ಅಂದ್ರೂ ನಾನೇ ತಿನ್ನಿಸ್ದೆ. ಅದಕ್ಕೇ ಅಮ್ಮನ ಕೈ ಊದ್ಕೊಳ್ತು.”

ಆಹಾರ ತಜ್ಞೆ ಪೆನ್ನು ಕೆಳಗಿಟ್ಟರು. “ಒಂದು ಪ್ಯಾಕೆಟ್ ಚಿಪ್ಸ್‌ಗೆ ಅಷ್ಟೊಂದು ಶಕ್ತಿ ಇಲ್ಲಮ್ಮ. ಈ ಕಾಯಿಲೆ ಹೇಳದೆ ಕೇಳದೆ ಏರುತ್ತೆ, ಇಳಿಯುತ್ತೆ. ನಾವು ನೋಡೋದು ಒಂದು ದಿನದ ಊಟ ಅಲ್ಲ, ತಿಂಗಳುಗಟ್ಟಲೆಯ ಊಟ.”

ಕಡ್ಡಿಯ ಕಣ್ಣು ತುಂಬಿ ಬಂತು. ಆಗ ಅಮ್ಮ ಗಂಟಲು ಸರಿಮಾಡಿಕೊಂಡಳು.

“ನಾನೂ ಒಂದು ಬಚ್ಚಿಟ್ಟಿದ್ದೀನಿ. ವಾರಕ್ಕೊಂದು ಮಾತ್ರೆ ಇದೆಯಲ್ಲ, ಶನಿವಾರದ್ದು, ಅದನ್ನ ತಗೊಳ್ಳಲಿಲ್ಲ. ಕೆಲಸದ ಗಡಿಬಿಡೀಲಿ ಮರ್ತೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು.”

ಆಹಾರ ತಜ್ಞೆ ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು ನೋಡಿ, ಇಬ್ಬರೂ ಒಂದೇ ಅಚ್ಚು ಎಂದು ನಕ್ಕರು. ಊತಕ್ಕೆ ಅದೇ ಕಾರಣ ಎಂದೂ ಹೇಳಲಾಗದು, ಆದರೆ ಡಾಕ್ಟರಿಗೆ ತಿಳಿಸಲೇಬೇಕು ಎಂದು ಫೋನ್ ಮಾಡಿದರು. ಡಾಕ್ಟರು ಮುಂದಿನ ಮಾತ್ರೆ ಯಾವಾಗ ಎಂದು ಹೇಳಿದರು. ಜೊತೆಗೆ ಎರಡು ಮಾತು ಬೈದರು. ಅಮ್ಮ ಶಾಲೆಯ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಈ ಮೂರು ದಿನ ಕಡ್ಡಿ ಅಮ್ಮನ ಬೆರಳುಗಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಈಗ ಮುಖ ನೋಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹಾಗಾದರೆ ಅಮ್ಮನೂ ನಿದ್ದೆ ಮಾಡಿರಲಿಲ್ಲ.

ಎರಡು ಸ್ಟಾಪ್ ದಾಟುವಷ್ಟರಲ್ಲಿ ಅಮ್ಮನ ತಲೆ ಮೆಲ್ಲಗೆ ಅವಳ ಭುಜಕ್ಕೆ ವಾಲಿತು. ಕಡ್ಡಿ ಬೆನ್ನು ನೆಟ್ಟಗೆ ಮಾಡಿ, ಅಲುಗಾಡದೆ ಕುಳಿತಳು.