ಚಂದವ್ವನ ಬಿಳಿ

ಹೊಲಿಗೆ ಯಂತ್ರದಷ್ಟು ಗಾತ್ರದ ಪೆಟ್ಟಿಗೆ. ಅದರ ಬಾಯಿಗೆ ಡಾ. ಸುನೀತಿ ಕೆರೂರ ಒಂದು ದ್ರಾಕ್ಷಿ ಎಲೆ ಇಟ್ಟರು. ಪೆಟ್ಟಿಗೆ ಎಲೆಯನ್ನು ಒಳಗೆಳೆದುಕೊಂಡು ನುಣ್ಣಗೆ ಅರೆಯಿತು. ವಿಜಯಪುರದ ನ್ಯಾಯಾಲಯದ ಗೋಡೆಯ ಮೇಲೆ ನಕಾಶೆಯೊಂದು ಬೆಳಗಿತು. ನಾಸಿಕದಿಂದ ನಂದಿ ಬೆಟ್ಟದ ತನಕ ಚೆಲ್ಲಿಕೊಂಡಿದ್ದ ಸಾವಿರಾರು ಹಸಿರು ಚುಕ್ಕೆಗಳು ಒಂದಕ್ಕೊಂದು ಎಳೆ ಹಾಕಿಕೊಳ್ಳುತ್ತ ಹಿಂದಕ್ಕೆ ಸರಿದವು. ನೂರಾರಾದವು, ಹತ್ತಾರಾದವು, ಕೊನೆಗೆ ಒಂದೇ ಚುಕ್ಕೆಯಲ್ಲಿ ಹೋಗಿ ನಿಂತವು. ಸುನೀತಿ ಅದನ್ನು ದೊಡ್ಡದು ಮಾಡಿದರು. ತಿಕೋಟಾದ ಆಚೆಯ ಮಾಳಿಂಗವಾಡಿ. ಮತ್ತೂ ದೊಡ್ಡದು ಮಾಡಿದರು. ಒಂದು ಮನೆಯ ಹಿತ್ತಲು. ಬಚ್ಚಲ ನೀರು ಹರಿದುಹೋಗುವ ಮೂಲೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಆ ಮನೆಯ ಒಡೆಯ ಮಲಕಾಜಪ್ಪನ ಕಣ್ಣು ತುಂಬಿ ಬಂತು. ಸಿಟ್ಟಿಗೂ ಕಣ್ಣು ತುಂಬುತ್ತದೆ ಎಂದು ಐವತ್ತು ದಾಟಿದ ಮೇಲೆ ಅವನಿಗೆ ತಿಳಿಯಿತು.

ಅದು ೨೦೫೮ನೆಯ ಇಸವಿ. ಆ ಹೊತ್ತಿಗೆ ಆ ಎಲೆಯ ಬಿಳಿ ದ್ರಾಕ್ಷಿಯ ವೈನು ‘ಶಾಹಿ ಸಫೇದ್’ ಎಂಬ ಹೆಸರಿನಲ್ಲಿ ಸಮುದ್ರ ದಾಟಿತ್ತು. ಬಾಟಲಿಯ ಮೇಲೆ ಗುಲಾಬಿ ಮೂಸುತ್ತಿರುವ ಸುಲ್ತಾನನ ಚಿತ್ರ; ಈ ಬಳ್ಳಿಯನ್ನು ಅವನೇ ಒಂಟೆಯ ಮೇಲೆ ತರಿಸಿ ತನ್ನ ಬೇಗಮಳಿಗಾಗಿ ನೆಡಿಸಿದನೆಂದು ಕೆಳಗೊಂದು ಕತೆ. ವೈನು ಮಾರುವ ಕಂಪನಿಯವರು ಕಟ್ಟಿದ್ದ ಕತೆ. ಕುಡಿಯುವವರು ವೈನಿಗಿಂತ ಮೊದಲು ಅದನ್ನೇ ಗುಟುಕರಿಸುತ್ತಿದ್ದರು. ಈಗ ಪೆಟ್ಟಿಗೆ ಹೇಳಿತು: ಬಳ್ಳಿಗೆ ನಾನೂರು ವರ್ಷವಲ್ಲ, ನಲವತ್ತೂ ದಾಟಿಲ್ಲ.

ಕಂಪನಿಯ ವಕೀಲ ನಗುತ್ತ ಎದ್ದ. “ಹಂಗಾರ ಬಾಟಲಿ ಮ್ಯಾಲ ಬಚ್ಚಲ ದ್ರಾಕ್ಷಿ ಅಂತ ಬರೀಬೇಕೇನ್ರೀ?”

“ನಮ್ಮವ್ವನ ಹೆಸರು ಬರೀರಿ,” ಎಂದ ಮಲಕಾಜಪ್ಪ. “ಬಚ್ಚಲಾನೂ ಅಕೀದ ಇತ್ತು.”

ಆ ಪೆಟ್ಟಿಗೆಯ ಹೆಸರು ಕುಡಿಗನ್ನಡಿ. ಅದರ ವಿದ್ಯೆ ತಿಳಿಯಲು ದೊಡ್ಡ ಓದು ಬೇಕಿಲ್ಲ. ದ್ರಾಕ್ಷಿಯ ಬೀಜ ಊರಿದರೆ ತಾಯಿಯಂಥ ಬಳ್ಳಿ ಬರುವುದಿಲ್ಲ, ಬೇರೆಯೇ ಒಂದು ಹುಟ್ಟುತ್ತದೆ. ಅದಕ್ಕೇ ರೈತರು ಕಡ್ಡಿ ಕತ್ತರಿಸಿ ನೆಡುತ್ತಾರೆ. ಅಂದರೆ ಒಂದು ತಳಿ ಎಂಬುದು ಒಂದೇ ಬಳ್ಳಿಯ ಮೈ, ಊರೂರಿಗೆ ಹಂಚಿಹೋದದ್ದು. ಆದರೆ ಮೈ ಬೆಳೆಯುವಾಗ ಜೀವಕೋಶಗಳು ತಮ್ಮೊಳಗಿನ ಬರಹವನ್ನು ನಕಲು ಮಾಡಿಕೊಳ್ಳುತ್ತವೆ, ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆದವನು ಅವನ ತಪ್ಪನ್ನೂ ಬರೆಯುತ್ತಾನಲ್ಲ, ಮೇಲೆ ತನ್ನದೊಂದು ಸೇರಿಸುತ್ತಾನಲ್ಲ, ಹಾಗೆ. ಈ ತಪ್ಪುಗಳ ಜಾಡು ಹಿಡಿದು ಯಾವ ಕಡ್ಡಿ ಯಾವ ಬಳ್ಳಿಯದು ಎಂದು ಕುಡಿಗನ್ನಡಿ ಹೇಳುತ್ತಿತ್ತು. ಮಾಳಿಂಗವಾಡಿಯ ಬಳ್ಳಿಯ ತಪ್ಪು ಎಲ್ಲ ಬಳ್ಳಿಗಳಲ್ಲೂ ಇತ್ತು. ಉಳಿದವುಗಳ ತಪ್ಪು ಅದರಲ್ಲಿ ಒಂದೂ ಇರಲಿಲ್ಲ.

ಊರ ಜನ ಅದನ್ನು ಮೂಸೋ ಪೆಟ್ಟಿಗೆ ಎಂದು ಕರೆದರು. ತಳಿಗಳ ಮೂಲ ಬಳ್ಳಿಯನ್ನು ಹುಡುಕಿ ಕಾಪಾಡಬೇಕೆಂದು ಸುನೀತಿ ಅದನ್ನು ಕಟ್ಟಿದ್ದರು. ಅದು ಹೊರಬಂದ ಮರುವರ್ಷವೇ ಸರ್ಕಾರ ಹೊಸ ಕಾಯ್ದೆ ಮಾಡಿ, ಮೂಲ ಬಳ್ಳಿ ಯಾರ ಮನೆಯಲ್ಲಿದೆಯೋ ಅವರಿಗೆ ತಳಿಯ ಹೆಸರಿನ ಹಕ್ಕು ಕೊಟ್ಟಿತು. ಆಮೇಲೆ ಪೆಟ್ಟಿಗೆಗೆ ಕೋರ್ಟಿನಲ್ಲೇ ಹೆಚ್ಚು ಕೆಲಸ.

ಮಲಕಾಜಪ್ಪನ ಅವ್ವ ಚಂದವ್ವನ ಕಾಲ ಎಂದರೆ ಜನ ಇನ್ನೂ ಮೊಬೈಲನ್ನು ಕೈಯಲ್ಲಿ ಹಿಡಿದು ಓಡಾಡುತ್ತಿದ್ದ ಕಾಲ. ಒಂದು ಮಧ್ಯಾಹ್ನ ಬಚ್ಚಲ ಬಳಿ ಪಾತ್ರೆ ತಿಕ್ಕುತ್ತ ಆಕೆ ಸಂತೆಯಿಂದ ತಂದ ದ್ರಾಕ್ಷಿ ತಿಂದು ಬೀಜ ಉಗುಳಿದಳು. ಒಂದು ಮೊಳೆಯಿತು. ಬೆಳ್ಳಗಿನ ಸಣ್ಣ ಕಾಯಿ, ಬಾಯಿಗೆ ಹಾಕಿದರೆ ಮೊದಲು ಹುಳಿ, ಆಮೇಲೆ ತಡೆದು ಬರುವ ಜೇನಿನ ವಾಸನೆ. ಪ್ರತಿ ಏಪ್ರಿಲ್ ಚಾಟ್ನಿಯಲ್ಲಿ, ಎಂದರೆ ಬಳ್ಳಿ ಸವರುವ ಕಾಲದಲ್ಲಿ, ಆಕೆ ಕತ್ತರಿಸಿದ ಕಡ್ಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ಬೀದಿ ಗೋಡೆಯ ಮೇಲೆ ಇಡುತ್ತಿದ್ದಳು. ಕೇಳಿ ಇಸಿದುಕೊಂಡ ಕಡ್ಡಿ ಬೇರು ಬಿಡುವುದಿಲ್ಲ, ಒಡೆಯನ ಕಣ್ಣು ತಪ್ಪಿಸಿ ಒಯ್ದದ್ದೇ ಹತ್ತುತ್ತದೆ ಎಂಬುದು ಆ ಕಡೆಯ ನಂಬಿಕೆ. ಬೇಕಾದವರು ಗೋಡೆಯ ಆಚೆ ನಿಂತು ಕೆಮ್ಮುತ್ತಿದ್ದರು. ಚಂದವ್ವ ಬೆನ್ನು ತಿರುಗಿಸಿ ಜೋಳ ಕೇರಲು ಕೂರುತ್ತಿದ್ದಳು. ಯಾರು ಒಯ್ದರು ಎಂದು ಮಗ ಕೇಳಿದರೆ ಒಂದೇ ಮಾತು: “ನಾ ನೋಡಿಲ್ಲ.”

ಕಂಪನಿಯ ಮೊದಲ ಕಡ್ಡಿಯೂ ಆ ಗೋಡೆಯ ಮೇಲಿಂದಲೇ ಹೋದದ್ದು.

ಹೆಸರಿನ ಹಕ್ಕು ಮಲಕಾಜಪ್ಪನದೆಂದು ತೀರ್ಪು ಬಂದ ದಿನ ಕೋರ್ಟಿನ ಮೆಟ್ಟಿಲ ಮೇಲೆ ಅವನು ಕಳ್ಳರು, ಕಳ್ಳರು ಎಂದು ಪತ್ರಿಕೆಯವರ ಮುಂದೆ ಕೂಗಾಡುತ್ತಿದ್ದಾಗ ಸುನೀತಿ ಅವನನ್ನು ಪಕ್ಕಕ್ಕೆ ಕರೆದರು. “ಕಳವು ಅಲ್ಲ ಅಲ್ರೀ ಅದು. ನಿಮ್ಮವ್ವಾರ ಬೆನ್ನ ತಿರವಿದ್ರು.”

“ತಿರವಿದ ಬೆನ್ನಿಗೇ ಇವರು ಸುಲ್ತಾನನ ಚಿತ್ರ ಅಂಟಿಸ್ಯಾರ್ರೀ, ಮೇಡಮ್ಮಾರ.”

ಅವನ ಸಿಟ್ಟು ಸುಳ್ಳಾಗಿರಲಿಲ್ಲ, ಅದೇ ಮುಂದಿನದಕ್ಕೆಲ್ಲ ಮೂಲವಾಯಿತು.

ಚಂದವ್ವ ಎಂಬ ಹೆಸರಿಟ್ಟು ಬೆಳ್ಳಿ ಬಟ್ಟಲಿನವರಿಗೆ ವೈನು ಮಾರಲಾಗುವುದಿಲ್ಲ ಎಂದು ಕಂಪನಿ ಲೆಕ್ಕ ಹಾಕಿತು. ಒಂದೇ ಬೇಸಿಗೆಯಲ್ಲಿ ತನ್ನ ತೋಟಗಳನ್ನೆಲ್ಲ ಕಿತ್ತು ಬೇರೆ ತಳಿ ಹಾಕಿತು. ಮಲಕಾಜಪ್ಪ ಊರಿಗೆಲ್ಲ ಪೇಢೆ ಹಂಚಿದ. ಆಮೇಲೆ ಅವನ ವಕೀಲ ಇನ್ನೊಂದು ತಿಳಿಸಿದ: ಅನುಮತಿ ಇಲ್ಲದ ಒಂದೇ ಬಳ್ಳಿ ಉಳಿಯಗೊಟ್ಟರೂ ಕಂಪನಿ ಅದನ್ನೇ ತೋರಿಸಿ ಹಕ್ಕು ಸಡಿಲ ಮಾಡಿಸುತ್ತದೆ, ಅವ್ವನ ಹೆಸರು ಹೋಗುತ್ತದೆ. ಹೆಸರು ಹೋಗುತ್ತದೆ ಎಂದದ್ದೇ ತಡ, ಸಣ್ಣಪುಟ್ಟ ತೋಟದವರಿಗೂ ಬಳ್ಳಿ ಕೀಳಬೇಕೆಂದು ನೋಟಿಸು ಹೋದವು. ತಾನು ಸವರಿದ ಕಡ್ಡಿಗಳನ್ನು ಮಲಕಾಜಪ್ಪ ನಿಂತು ಸುಡಿಸಿದ. ಬೀದಿ ಗೋಡೆಗೆ ಗಾಜಿನ ಚೂರು ಹಾಕಿಸಿದ. ಅವನೊಬ್ಬನೇ ಅಲ್ಲ, ಯಾರ ಬಳ್ಳಿಯ ಬೆಲೆ ನಾಳೆ ಎಷ್ಟೋ ಎಂದು ಸೀಮೆಯ ತೋಟದವರೆಲ್ಲ ತಮ್ಮ ಕಡ್ಡಿ ಸುಡತೊಡಗಿದರು. ಏಪ್ರಿಲ್ ತಿಂಗಳ ಗಾಳಿಗೆ ಹೊಗೆಯ ವಾಸನೆ ಅಂಟಿತು.

ಕೃಷ್ಣೆಯ ದಂಡೆಯಿಂದ ಹುಸೇನಬಿ ಎಂಬ ಮುದುಕಿ ಫೋನು ಮಾಡಿದಳು. ಅವಳ ತಾಯಿ ಒಂದು ಕಾಲಕ್ಕೆ ಆ ಗೋಡೆಯ ಮೇಲಿಂದ ಒಯ್ದ ಕಡ್ಡಿ ಅವಳ ಅಂಗಳದ ತುಂಬ ಹಂದರವಾಗಿ ಹಬ್ಬಿತ್ತು. ಹಣ್ಣು ಮಾರುತ್ತಿರಲಿಲ್ಲ, ಅದರಡಿ ಮಂಚ ಹಾಕಿಕೊಂಡು ಮಲಗುತ್ತಿದ್ದಳು. “ನೆಳ್ಳಿಗೆ ಇಟ್ಕೊಂಡೇನೋ ತಮ್ಮಾ,” ಎಂದಳು.

“ಕಾಯ್ದೆ ಎಲ್ಲಾರಿಗೂ ಒಂದ, ಅಕ್ಕಾ,” ಎಂದ ಮಲಕಾಜಪ್ಪ.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ‘ಚಂದವ್ವನ ಬಿಳಿ’ ಅವನ ತೋಟದಿಂದ ಮಾತ್ರ ಬರುತ್ತಿತ್ತು. ಬಾಟಲಿಯ ಮೇಲೆ ಅವ್ವನ ಮತದಾರರ ಚೀಟಿಯ ಫೋಟೊ: ತಲೆ ಮೇಲೆ ಸೆರಗು, ಫೋಟೊದವನ ಮೇಲೆ ಸಂಶಯದ ನೋಟ. ಮಲಕಾಜಪ್ಪ ಮೊದಲ ಬಾಟಲಿಯನ್ನು ದೇವರ ಜಗಲಿಯ ಮೇಲಿಟ್ಟ. ಮದ್ಯ ಎಂದು ಹೆಂಡತಿ ಇಳಿಸಿದಳು, ಅವ್ವ ಎಂದು ಇವನು ಮತ್ತೆ ಏರಿಸಿದ.

ಆಮೇಲೊಂದು ಬೇಸಿಗೆಯಲ್ಲಿ ತೋಟದ ಬಡಗಣ ಅಂಚಿನ ಬಳ್ಳಿಗಳು ತುದಿಯಿಂದ ಒಣಗತೊಡಗಿದವು. ಕಾಂಡ ಕೊಯ್ದು ನೋಡಿದರೆ ಒಳಗೆ ಕಪ್ಪು ಗೆರೆ. ಔಷಧಿ ಹೊಡೆದರು, ಮಣ್ಣು ಬದಲಿಸಿದರು. ರೋಗ ಸಾಲು ಹಿಡಿದು ನಡೆದು ಬಂತು. ಎರಡನೆಯ ಬೇಸಿಗೆ ಕಳೆಯುವಷ್ಟರಲ್ಲಿ ಬಚ್ಚಲ ಮೂಲೆಯ ತಾಯಿಬಳ್ಳಿಯೂ ಕಟ್ಟಿಗೆಯಾಯಿತು.

ಸುನೀತಿ ಬಂದರು. ಅವರಿಗೀಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಡಸಾಲೆಯ ಗೋಡೆಯ ಮೇಲೆ ಅದೇ ನಕಾಶೆ ಬೆಳಗಿಸಿದರು. ಕಿತ್ತ, ಒಣಗಿದ ಬಳ್ಳಿಗಳು ಕಪ್ಪು ಚುಕ್ಕೆ, ಬದುಕಿರುವವು ಹಸಿರು. ಮಲಕಾಜಪ್ಪ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ಹುಡುಕಿದ. ಹಸಿರು ಕಾಣಲಿಲ್ಲ.

ಬೇರೆ ಮಣ್ಣು, ಬೇರೆ ನೀರಿನಲ್ಲಿದ್ದರೆ ಎಲ್ಲೋ ಒಂದಾದರೂ ರೋಗ ತಾಳಿಕೊಳ್ಳುತ್ತಿತ್ತು ಎಂದು ಸುನೀತಿ ತಗ್ಗಿದ ದನಿಯಲ್ಲಿ ಹೇಳಿದರು. ಊರೂರಿಗೆ ಹಂಚಿಹೋಗುವುದೇ ಇಂಥ ಬಳ್ಳಿ ಸಾಯದೆ ಉಳಿಯುವ ದಾರಿ. ತಮ್ಮ ಪೆಟ್ಟಿಗೆ ಮೊದಲು ಹಿಡಿದು ನಿಲ್ಲಿಸಿದ್ದೇ ಆ ಹಂಚಿಕೆಯನ್ನು.

“ನಿಮ್ಮ ಪೆಟ್ಟಿಗ್ಯಾಗ ಅದರದು ಎಲ್ಲಾ ಬರದದಲ್ರೀ?”

“ಜಾತಕ ಅದ, ಮಲಕಾಜಪ್ಪಾರ. ಜೀವಾ ಇಲ್ಲ. ಎಲಿ ಅರದೇ ಓದಿದ್ವಿ.” ನಕಾಶೆ ಆರಿಸಿ ಅವರೇ ಹೇಳಿದರು, “ಯಾರರೆ ಮುಚ್ಚಿಟ್ಟಿದ್ರ ನೋಡ್ರಿ.”

ಅವನು ಕೃಷ್ಣೆಯ ದಂಡೆಗೆ ಹೋದ. ಹುಸೇನಬಿಯ ಅಂಗಳಕ್ಕೆ ತಗಡು ಹೊದಿಸಿದ್ದರು. ಅದರಡಿ ಕಾವು ಹೊಡೆಯುತ್ತಿತ್ತು. ಅವಳು ನೀರು ಕೊಟ್ಟು ಮಂಚದ ತುದಿ ತೋರಿಸಿದಳು. ಒಂದಾದರೂ ಕಡ್ಡಿ ಎಲ್ಲಾದರೂ ಬಚ್ಚಿಟ್ಟಿದ್ದೀಯಾ, ಯಾರ ಕೈಗಾದರೂ ದಾಟಿಸಿದ್ದೀಯಾ ಎಂದು ಅವನು ಕೇಳಿದ. ಇಟ್ಟಿದ್ದೇನೆ, ನಿನಗೆ ಕೊಡುವುದಿಲ್ಲ ಎಂದು ಅವಳು ಬೈಯಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ.

ಅವಳು ಬೈಯಲಿಲ್ಲ. “ಎಲ್ಲಿ ಬಚ್ಚಿಡ್ಲೋ ತಮ್ಮಾ? ಬಳ್ಳಿ ಕೀಳಾಕ ಬಂದವ್ರು ಪೆಟ್ಟಿಗಿ ತಂದಿದ್ರು. ಓಣ್ಯಾಗ ಬಿದ್ದ ಒಣಾ ಎಲಿ ಸುದ್ದಾ ಆರಿಸಿ ಹಾಕಿದ್ರು. ನಿಮ್ಮವ್ವ ಆಗಿದ್ರ ಬೆನ್ನ ತಿರವ್ತಿದ್ಳು. ಪೆಟ್ಟಿಗಿಗೆ ಬೆನ್ನ ಎಲ್ಲೈತಿ?”

ಬರುವಾಗ ಅವನ ಕೈಯಲ್ಲಿ ಅವಳು ಕೊಟ್ಟ ಎರಡು ಲಿಂಬೆಹಣ್ಣು ಇದ್ದವು.

ಮುಂದಿನ ವರ್ಷ ಮಲಕಾಜಪ್ಪ ದೂರದ ಜಮೀನಿನಲ್ಲಿ ಬೇರೊಂದು ದ್ರಾಕ್ಷಿ ಹಾಕಿದ. ಅದರ ಮೊದಲ ಚಾಟ್ನಿಯ ದಿನ ಸುತ್ತಿಗೆ ಹಿಡಿದು ಬೀದಿ ಗೋಡೆಯ ಗಾಜಿನ ಚೂರುಗಳನ್ನು ಒಂದೊಂದೇ ಒಡೆದು ತೆಗೆದ. ಕಡ್ಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ಅಲ್ಲಿಟ್ಟ. ಅವ್ವ ಕೂರುತ್ತಿದ್ದ ಕಟ್ಟೆಯ ಮೇಲೆ ಬೀದಿಗೆ ಬೆನ್ನು ಮಾಡಿ ಕೂತ. ಮುಂದೆ ಮೊರದಲ್ಲಿ ಜೋಳ ಹಾಕಿಕೊಂಡಿದ್ದ. ಕೇರಲು ಬಾರದು, ಸುಮ್ಮನೆ ಆಡಿಸುತ್ತಿದ್ದ.

ಹೆಜ್ಜೆಗಳು ಬಂದವು, ಗೋಡೆಯ ಬಳಿ ನಿಧಾನವಾದವು, ಹೋದವು. ಇಳಿಹೊತ್ತಿಗೆ ಒಂದು ಜೋಡಿ ಹೆಜ್ಜೆ ನಿಂತೇಬಿಟ್ಟಿತು. ಅವನು ಮೊರ ಆಡಿಸುವುದನ್ನು ನಿಲ್ಲಿಸಿದ. ಕೆಮ್ಮು ಕೇಳಿಸಲಿಲ್ಲ.

“ಒಯ್ಯಿ,” ಎಂದ, ತಿರುಗದೆ. “ನಾ ನೋಡಂಗಿಲ್ಲ.”

“ನೀವು ನೋಡಂಗಿಲ್ರೀ ಕಾಕಾ,” ಎಂದಿತು ಒಂದು ಹೆಣ್ಣು ದನಿ. “ಪೆಟ್ಟಿಗಿ ನೋಡತದಲ್ರೀ.”

ಹೆಜ್ಜೆಗಳು ಬೇಗ ಬೇಗ ದೂರವಾದವು. ಅವನು ಹೊತ್ತು ಮುಳುಗುವ ತನಕ ಹಾಗೆಯೇ ಕೂತಿದ್ದ. ಅವ್ವನ ದಿನಗಳಲ್ಲಿ ನೀರು ಆರುವ ಮೊದಲೇ ಖಾಲಿಯಾಗುತ್ತಿದ್ದ ಗೋಣಿ ಅವನು ಎದ್ದು ಮುಟ್ಟಿದಾಗ ಒಣಗಿ ಗರಿಗರಿಯಾಗಿತ್ತು. ಒಂದು ಕಡ್ಡಿಯೂ ಕಡಿಮೆಯಾಗಿರಲಿಲ್ಲ.